ಪುಟ್ಟಗಂಗಮ್ಮನ ನಿಂಬೆಹಣ್ಣಿನ ಗೊಜ್ಜು

ಅರಳಗುಪ್ಪೆಯಿಂದ ಒಂದು ಮೈಲಿ ಈಚೆಗೆ, ತೆಂಗಿನ ತೋಟಗಳ ನಡುವೆ ಹತ್ತು ಹನ್ನೆರಡು ಮನೆಗಳ ಒಂದು ಪಾಳ್ಯ. ಅಲ್ಲಿನ ವೀರಭದ್ರಯ್ಯನವರ ಮನೆಗೆ ಪುಟ್ಟಗಂಗಮ್ಮ ಕಿರಿಯ ಸೊಸೆಯಾಗಿ ಬಂದಾಗ ಅವಳಿಗೆ ಹದಿನೇಳು ತುಂಬಿತ್ತು. ಮದುವೆಯಾದ ಮೂರನೇ ತಿಂಗಳು ತುರುವೇಕೆರೆ ಕಡೆಯ ತವರಿಗೆ ಹೋಗಿ ವಾಪಸು ಹೊರಟಾಗ ಅವಳ ತಾಯಿ ಒಡೆದ ಮಡಕೆಯ ತಳದಲ್ಲಿ ಮಣ್ಣು ತುಂಬಿ, ಗೇಣುದ್ದದ ಒಂದು ನಿಂಬೆ ಸಸಿ ಇಟ್ಟುಕೊಟ್ಟಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ತಿಪಟೂರಿನವರೆಗೆ ಬಸ್ಸಿನಲ್ಲಿ ಬಂದಳು. ಮಿಕ್ಕ ದಾರಿಯನ್ನು ಗಾಡಿಯಲ್ಲಿ ಬಂದಳು. ಮನೆ ಮುಟ್ಟುವ ಹೊತ್ತಿಗೆ ಸಸಿಯ ಎಲೆ ಬಾಡಿತ್ತು, ಅವಳ ಸೀರೆಯೆಲ್ಲ ಕೆಸರಾಗಿತ್ತು.

"ಹಿತ್ತಲಲ್ಲಿ ಬಚ್ಚಲ ನೀರು ಹರಿಯೋ ಕಡೆ ನೆಡು ತಾಯಿ, ಬದುಕ್ಕೊಂಡರೂ ಬದುಕ್ಕೊಳ್ಳುತ್ತೆ" ಎಂದು ಮಾವ ವೀರಭದ್ರಯ್ಯ ಹೇಳಿದರು.

ಬದುಕಿತು, ಆದರೆ ತಾನಾಗಿ ಬದುಕಲಿಲ್ಲ. ಬೇಸಿಗೆಯಲ್ಲಿ ಬಚ್ಚಲ ನೀರು ಸಾಲುತ್ತಿರಲಿಲ್ಲ. ಬಾವಿಯಿಂದ ಮನೆಗೆ ಸೇದುವ ನೀರಿನ ಮೇಲೆ ಎರಡು ಕೊಡ ಹೆಚ್ಚಿಗೆ ಸೇದಿ ಅದರ ಬುಡಕ್ಕೆ ಸುರಿಯುತ್ತಿದ್ದಳು. ಕರುಗಳು ಬಾಯಿ ಹಾಕದಂತೆ ಸುತ್ತ ಜಾಲಿಮುಳ್ಳು ಕಟ್ಟಿದಳು. ಅವಳ ಮೊದಲ ಮಗು ಹುಟ್ಟಿತು, ಎರಡನೆಯದೂ ಹುಟ್ಟಿತು, ಗಿಡ ಮಾತ್ರ ಹೂ ಬಿಡಲಿಲ್ಲ. ಗಂಡನ ಅಣ್ಣ ದೊಡ್ಡಣ್ಣ ಹಿತ್ತಲಿಗೆ ಬಂದಾಗಲೆಲ್ಲ, "ಇದು ಗೊಡ್ಡು ಕಣಮ್ಮ, ಕಿತ್ತಾಕು. ಆ ಜಾಗದಲ್ಲಿ ಒಂದು ನುಗ್ಗೆ ಕೊಂಬೆಯಾದ್ರೂ ಊರಬಹುದು" ಎನ್ನುತ್ತಿದ್ದ. ಅವಳು ತಲೆ ಬಗ್ಗಿಸಿ ಕೇಳಿಸಿಕೊಂಡು, ಅವನು ಹೋದಮೇಲೆ ಮತ್ತೆ ನೀರು ಹಾಕುತ್ತಿದ್ದಳು. ಏಳನೇ ವರ್ಷ ಗಿಡ ಹಣ್ಣು ಬಿಟ್ಟಿತು. ತೆಳು ಸಿಪ್ಪೆ, ಕೈಯಲ್ಲಿ ಹಿಡಿದರೆ ರಸ ಅಲುಗಾಡುವಂಥ ಹಣ್ಣು.

ಆ ಹಣ್ಣಿನಿಂದ ಅವಳು ಮಾಡುತ್ತಿದ್ದ ಗೊಜ್ಜು ಪಾಳ್ಯದಲ್ಲೆಲ್ಲ ಹೆಸರಾಯಿತು. ಬೇರೆಯವರು ಮಾಡಿದರೆ ಸಿಪ್ಪೆಯ ಕಹಿ ಗಂಟಲಲ್ಲಿ ನಿಲ್ಲುತ್ತಿತ್ತು. ಇವಳು ಮಾಡಿದ್ದರಲ್ಲಿ ಹುಳಿ, ಸಿಹಿ, ಖಾರ ಮೂರೂ ಮುಂದೆ ಬಂದು, ಕಹಿ ಎಲ್ಲೋ ಹಿಂದೆ ಒಂದು ಎಳೆಯಷ್ಟೇ ಉಳಿಯುತ್ತಿತ್ತು. ಬಿಸಿ ಅನ್ನಕ್ಕೂ ಸರಿ, ರೊಟ್ಟಿಗೂ ಸರಿ. ಮನೆಗೆ ನೆಂಟರು ಬಂದರೆ ವೀರಭದ್ರಯ್ಯನವರು ಕೂತಲ್ಲಿಂದಲೇ, "ಪುಟ್ಟಗಂಗೀ, ಗೊಜ್ಜು ಐತೇನಮ್ಮ?" ಎಂದು ಕೂಗುತ್ತಿದ್ದರು. ಇಲ್ಲ ಎಂದು ಅವಳು ಒಮ್ಮೆಯೂ ಹೇಳಿದ್ದಿಲ್ಲ. ಅತ್ತೆ ಇಲ್ಲದ ಮನೆ. ಮುದ್ದೆ, ಸಾರು, ರೊಟ್ಟಿಯ ಕೆಲಸವೆಲ್ಲ ಹಿರಿಯ ಸೊಸೆ ಕೆಂಪಕ್ಕನದು. ಗೊಜ್ಜು, ಚಟ್ನಿ, ಹಪ್ಪಳದ ಕೆಲಸ ಇವಳದು.

ಎಪ್ಪತ್ತಾರನೇ ಇಸವಿಯಲ್ಲಿ ಮನೆ ಪಾಲಾಯಿತು. ದೊಡ್ಡ ಜಗಳವೇನೂ ಆಗಿರಲಿಲ್ಲ. ಎರಡು ಸಂಸಾರ ಬೆಳೆದವು, ಜಾಗ ಸಾಲದೆ ಬಂತು, ಮಾತು ಸ್ವಲ್ಪ ಬಿರುಸಾಯಿತು. ಅಣ್ಣ ದೊಡ್ಡಣ್ಣ, ತಮ್ಮ, ಅಂದರೆ ಪುಟ್ಟಗಂಗಮ್ಮನ ಗಂಡ ರೇವಣಸಿದ್ದಯ್ಯ, ಇಬ್ಬರೂ ಒಪ್ಪಿ ಊರಿನ ಹಿರಿಯರನ್ನು ಕರೆಸಿದರು. ಮುಂದೆ ನಿಂತು ಪಾಲು ಮಾಡಿದವರು ಏಕಾಂತಯ್ಯ. ಪಾಳ್ಯದಲ್ಲಿ ಯಾರ ಮನೆ ಒಡೆದರೂ ಅಳತೆಯ ಹಗ್ಗ ಹಿಡಿಯುತ್ತಿದ್ದವರು ಅವರೇ.

ಬೆಳಿಗ್ಗೆಯಿಂದ ತೋಟ ಸುತ್ತಿ, ಮರ ಎಣಿಸಿ, ಹೊಲದ ಬದುವಿನ ಮೇಲೆ ಕಲ್ಲು ನೆಟ್ಟು ಬಂದರು. ದನ, ಗಾಡಿ, ಅಟ್ಟದ ಮೇಲಿನ ಕಾಯಿ, ಕೊನೆಗೆ ಒನಕೆ, ಒರಳುಕಲ್ಲುಗಳೂ ಪಾಲಾದವು. ಮನೆಯನ್ನು ನಡುಮನೆಯ ಮಧ್ಯಕ್ಕೆ ಸೀಳಿ, ಮೂಡಲ ಅರ್ಧ ಅಣ್ಣನಿಗೆ, ಪಡುವಲ ಅರ್ಧ ತಮ್ಮನಿಗೆ ಎಂದಾಯಿತು. ಹಿತ್ತಲೂ ಅದೇ ಗೆರೆಗೆ. ಗೆರೆ ಹಿಡಿದರೆ ಬಚ್ಚಲೂ ಅದರ ಪಕ್ಕದ ನಿಂಬೆಗಿಡವೂ ಅಣ್ಣನ ಕಡೆಗೆ ಬಿದ್ದವು. ಮಾವ ದೊಡ್ಡ ಮಗನ ಮನೆಯಲ್ಲಿ ಇರುವುದು ಎಂದೂ ತೀರ್ಮಾನವಾಯಿತು.

ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಪುಟ್ಟಗಂಗಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಹಿರಿಯರು ಕೂತಿದ್ದ ಕಡೆ ಅವಳು ಅಲ್ಲಿಯತನಕ ಬಾಯಿ ತೆರೆದವಳಲ್ಲ. ಅವತ್ತು ಬಾಗಿಲ ಈಚೆಗೆ ಒಂದು ಹೆಜ್ಜೆ ಇಟ್ಟಳು.

"ನಿಂಬೆಗಿಡ ನಾನು ತವರಿಂದ ತಂದು ನೆಟ್ಟಿದ್ದು. ಅದೊಂದನ್ನ ನಮ್ಮ ಕಡೆಗೆ ಬುಡಿ. ಬೇಕಾದ್ರೆ ಗೆರೆನ ಅಲ್ಲಿ ಒಂದು ಮಾರು ಆಚೆ ತಗೊಳ್ಳಿ, ಬೇರೆ ಕಡೆ ಒಂದು ಮಾರು ಅವರೇ ತಗೊಳ್ಳಲಿ."

ಏಕಾಂತಯ್ಯ ನಕ್ಕರು. ಗಟ್ಟಿಯಾಗಿ ನಗಲಿಲ್ಲ, ಎಲೆಯಡಿಕೆ ತುಂಬಿದ ಬಾಯಲ್ಲೇ ನಕ್ಕರು. "ನೀರು ಹಾಕಿದ್ದಕ್ಕೆಲ್ಲ ಹೆಂಗಸ್ರಿಗೆ ಪಾಲು ಕೊಡಕ್ಕೆ ಹೋದ್ರೆ ಯಾವ ಮನೆ ಉಳಿಯುತ್ತಪ್ಪ? ಗೆರೆ ಅಂದ್ರೆ ಗೆರೆ. ಒಂದು ಗಿಡಕ್ಕೋಸ್ಕರ ಗೋಡೆ ಸೊಟ್ಟ ಕಟ್ಟಕ್ಕಾಗುತ್ತಾ?"

ಕೂತಿದ್ದವರೆಲ್ಲ ನಕ್ಕರು. ಅವಳು ಗಂಡನ ಮುಖ ನೋಡಿದಳು. ರೇವಣಸಿದ್ದಯ್ಯನಿಗೆ ಅವಮಾನವಾಗಿತ್ತು. ಹೆಂಡತಿ ಕೇಳಿದ್ದು ಸರಿಯೋ ತಪ್ಪೋ ಎಂದು ಅವನು ಯೋಚಿಸಲಿಲ್ಲ. ಹಿರಿಯರ ಎದುರು ಅವಳು ಮಾತಾಡಿದಳಲ್ಲ ಎಂಬುದೊಂದೇ ಅವನಿಗೆ ದೊಡ್ಡದಾಯಿತು. "ಏ, ಒಳಗೋಗೇ" ಎಂದ. ಅವಳು ಮಾವನ ಕಡೆ ನೋಡಿದಳು. ಆ ಸಸಿಗೆ ಜಾಗ ತೋರಿಸಿದ್ದವರು ಅವರು. ವೀರಭದ್ರಯ್ಯನವರು ಕೈಯಲ್ಲಿದ್ದ ಸುಣ್ಣದ ಡಬ್ಬಿಯ ಮುಚ್ಚಳವನ್ನು ತೆಗೆದರು, ಮುಚ್ಚಿದರು.

ಅವಳು ಒಳಗೆ ಹೋದಳು. ಅಷ್ಟೇ ಆಗಿದ್ದರೆ ಅವಳ ಸಿಟ್ಟು ಒಂದು ವರ್ಷಕ್ಕೆ ಆರುತ್ತಿತ್ತೋ ಏನೋ. ಆದರೆ ಕಾಗದಕ್ಕೆ ಎಲ್ಲರೂ ಸಹಿ ಹಾಕಿದ ಮೇಲೆ ಊಟಕ್ಕೆ ಎಲೆ ಹಾಕಿದರು. ಬೆಳಿಗ್ಗೆಯೇ ಅವಳು ಗೊಜ್ಜು ಮಾಡಿಟ್ಟಿದ್ದಳು. ಬಡಿಸುವವಳೂ ಅವಳೇ. ಏಕಾಂತಯ್ಯ ಅನ್ನಕ್ಕೆ ಗೊಜ್ಜು ಕಲಸಿ, ಎರಡು ತುತ್ತು ಉಂಡು, "ಇದಕ್ಕೇ ಕಣಮ್ಮ ನಿಮ್ಮನೆ ಅಂದ್ರೆ ಎದ್ದು ಬರೋದು. ಇನ್ನೊಂಚೂರು ಹಾಕು" ಎಂದು ಎಲೆ ತೋರಿಸಿದರು. ಅವಳು ಹಾಕಿದಳು. ಪಕ್ಕದವರೂ ಕೇಳಿದರು. ಅವರಿಗೂ ಹಾಕಿದಳು.

ಆಮೇಲೆ ಎಷ್ಟೋ ದಿನ ಅವಳಿಗೆ ಹೊಟ್ಟೆಯೊಳಗೆ ಉರಿದದ್ದು ಇದೇ. ಗಿಡ ಕಿತ್ತುಕೊಂಡು ಅದೇ ಗಿಡದ ಗೊಜ್ಜು ಕೇಳಿದರಲ್ಲ, ಅದಕ್ಕಿಂತ ಹೆಚ್ಚಾಗಿ, ಕೇಳಿದ ತಕ್ಷಣ ತನ್ನ ಕೈ ತಾನಾಗಿ ಬಗ್ಗಿ ಬಡಿಸಿತಲ್ಲ! ಪಾತ್ರೆ ಉಜ್ಜುವಾಗ, ರಾಗಿ ಬೀಸುವಾಗ ನೆನಪಾಗಿ, ಒಬ್ಬಳೇ ಇದ್ದಾಗಲೂ ಮುಖ ಕೆಂಪಾಗುತ್ತಿತ್ತು.

ಗೋಡೆ ಎದ್ದಿತು. ಹಿತ್ತಲಲ್ಲಿ ಆಳೆತ್ತರದ ಮಣ್ಣಿನ ಗೋಡೆ, ಮಳೆಗೆ ನೆನೆಯದಂತೆ ಮೇಲೆ ತೆಂಗಿನ ಗರಿ. ಮೊದಲ ವರ್ಷ ಗಿಡದ ಒಂದು ಕೊಂಬೆ ಗೋಡೆ ದಾಟಿ ಇವಳ ಕಡೆಗೆ ಬಾಗಿತ್ತು. ಮಾಗಿದ ಹಣ್ಣು ರಾತ್ರಿ ಗಾಳಿಗೆ ಇತ್ತ ಬಿದ್ದಿರುತ್ತಿತ್ತು. ಅವಳು ಎತ್ತುತ್ತಲೂ ಇರಲಿಲ್ಲ, ಗುಡಿಸುತ್ತಲೂ ಇರಲಿಲ್ಲ. ಒಂದು ದಿನ ದೊಡ್ಡಣ್ಣ ಏಣಿ ಹಾಕಿಕೊಂಡು ಮಚ್ಚಿನಿಂದ ಆ ಕೊಂಬೆ ಕಡಿದ. "ಮುಳ್ಳು ಬಿದ್ದು ನಿಮ್ಮ ದನದ ಕಾಲಿಗೆ ಚುಚ್ಚುತ್ತೆ" ಎಂದು ಗೋಡೆಯ ಮೇಲಿಂದಲೇ ಹೇಳಿದ. ಕಡಿದ ಕೊಂಬೆ ಇವಳ ಹಿತ್ತಲಲ್ಲೇ ಒಣಗಿತು. ಒಣಗಿದ ಮೇಲೂ ಅದನ್ನು ಒಲೆಗೆ ಹಾಕಲಿಲ್ಲ.

ಮೂರು ವರ್ಷ ಆ ಮನೆಯಲ್ಲಿ ನಿಂಬೆ ಗೊಜ್ಜು ಆಗಲಿಲ್ಲ. ಒಂದು ಸಲ ರೇವಣಸಿದ್ದಯ್ಯ ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕಲು ಹೋದವನು ಬರುವಾಗ ಟವೆಲಿನ ಮೂಲೆಯಲ್ಲಿ ನಿಂಬೆಹಣ್ಣು ಕಟ್ಟಿಕೊಂಡು ಬಂದು ಅವಳ ಮುಂದೆ ಬಿಚ್ಚಿದ. ಅವಳು ಅವನ್ನು ಒಂದೊಂದಾಗಿ ಹೋಳು ಮಾಡಿ, ಹಿತ್ತಾಳೆ ಚೊಂಬು, ತಟ್ಟೆಗಳನ್ನೆಲ್ಲ ತಿಕ್ಕಿ ಬೆಳಗಿದಳು.

"ತಿನ್ನೋಕೆ ತಂದಿದ್ದು ಕಣೇ" ಎಂದ ಅವನು.

"ಗೊತ್ತು" ಎಂದಳು ಅವಳು.

ಅವನು ಆಮೇಲೆ ತರಲಿಲ್ಲ.

ಎಪ್ಪತ್ತೊಂಬತ್ತರ ಮಳೆಗಾಲ ಮುಗಿಯುವ ಹೊತ್ತಿಗೆ ವೀರಭದ್ರಯ್ಯನವರಿಗೆ ಚಳಿಜ್ವರ ಬಂತು. ಆ ವರ್ಷ ಪಾಳ್ಯದಲ್ಲಿ ನಾಲ್ಕಾರು ಜನಕ್ಕೆ ಬಂದಿತ್ತು. ಆಸ್ಪತ್ರೆಯ ಮಾತ್ರೆ ನುಂಗಿ ಇಪ್ಪತ್ತು ದಿನಕ್ಕೆ ಜ್ವರ ಬಿಟ್ಟಿತು, ಆದರೆ ಬಾಯಿ ಕೆಟ್ಟುಹೋಗಿತ್ತು. ಗಂಜಿ ಕೊಟ್ಟರೆ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಡುತ್ತಿದ್ದರು. ಏನು ಇಟ್ಟರೂ ಮಣ್ಣು ತಿಂದಂತೆ ಆಗುತ್ತದೆ ಎನ್ನುತ್ತಿದ್ದರು. ಎಪ್ಪತ್ತು ದಾಟಿದ ದೇಹ, ಕೈಕಾಲು ಕಡ್ಡಿಯಾಗಿದ್ದವು. ಒಂದು ಬೆಳಿಗ್ಗೆ ಅವರು ತಾವಾಗಿ ಕೇಳಿದ್ದು ನಿಂಬೆಹಣ್ಣಿನ ಗೊಜ್ಜು.

ಕೆಂಪಕ್ಕ ಗಿಡದಿಂದ ಹಣ್ಣು ಕಿತ್ತು ಮಾಡಿದಳು. ಅವರು ನಾಲಿಗೆಗೆ ಮುಟ್ಟಿಸಿ ಮುಖ ಹಿಂಡಿದರು. ಮತ್ತೆ ಬೆಲ್ಲ ಹೆಚ್ಚು ಹಾಕಿ ಮಾಡಿದಳು. ಅದನ್ನೂ ತಳ್ಳಿದರು. "ಇದಲ್ಲ. ಪುಟ್ಟಗಂಗಿ ಮಾಡೋದು" ಎಂದರು.

ಆ ಸಂಜೆ ರೇವಣಸಿದ್ದಯ್ಯ ಹತ್ತು ಹನ್ನೆರಡು ಹಣ್ಣು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. "ಅಪ್ಪ ಕೇಳ್ತಾವ್ರೆ. ಗೊಜ್ಜು ಮಾಡಿಕೊಡು."

"ಎಲ್ಲಿಯವು?"

"ಅಣ್ಣನ ಮನೆಯವು. ಅಣ್ಣನ ಗಿಡದವು."

ಅವನು ಬೇಕೆಂದು ಹಾಗೆ ಹೇಳಲಿಲ್ಲ. ಬಾಯಿಗೆ ಬಂದ ಮಾತು. ಆದರೆ ಅವಳು ಕೈಯಲ್ಲಿದ್ದ ಮೊರವನ್ನು ನೆಲಕ್ಕೆ ಇಟ್ಟ ರಭಸಕ್ಕೆ ಅದರಲ್ಲಿದ್ದ ಹುರುಳಿ ನೆಲವೆಲ್ಲ ಚೆಲ್ಲಿತು.

"ಅಣ್ಣನ ಗಿಡ! ನಿಮ್ಮ ಬಾಯಲ್ಲೂ ಅದೇ ಬಂತು. ಹಂಗಾದ್ರೆ ಅಣ್ಣನ ಮನೇಲೇ ಮಾಡಿಸ್ಕೊಳ್ಳಿ. ನಾನು ಮಾಡಲ್ಲ."

"ಕಾಯಿಲೆ ಮನುಷ್ಯ ಕಣೇ! ಸಾಯೋ ಹಂಗಾಗವ್ರೆ. ನಿನಗೆ ಗಿಡದ ಚಿಂತೆನಾ?"

"ಅವತ್ತು ನನ್ನ ಒಳಗೋಗೇ ಅಂದ್ರಲ್ಲ. ಒಳಗೇ ಇದ್ದೀನಿ. ಈಗ ನನ್ನ ಯಾಕೆ ಕರೀತೀರ?"

ರೇವಣಸಿದ್ದಯ್ಯ ಕೈ ಎತ್ತಿದವನಲ್ಲ, ಅವತ್ತೂ ಎತ್ತಲಿಲ್ಲ. ಹಣ್ಣನ್ನು ಅಲ್ಲೇ ಬಿಟ್ಟು ಜಗಲಿಗೆ ಹೋಗಿ ಕೂತ. ಅವಳು ಒಂದೊಂದೇ ಹುರುಳಿ ಕಾಳು ಆರಿಸಿದಳು. ಹಣ್ಣುಗಳನ್ನು ಸೆರಗಿಗೆ ತುಂಬಿಕೊಂಡು ಹಿತ್ತಲಿಗೆ ಹೋಗಿ ಗೋಡೆಯ ಆಚೆಗೆ ಎಸೆದಳು.

ಮಾರನೇ ದಿನ ಬೆಳಿಗ್ಗೆ ಕೆಂಪಕ್ಕನೇ ಬಂದಳು. ಪಾಲಾದ ಮೇಲೆ ಅವಳು ಈ ಹೊಸ್ತಿಲು ತುಳಿದದ್ದು ಅದೇ ಮೊದಲು. ಒಳಗೆ ಬರದೆ ಬಾಗಿಲಲ್ಲೇ ನಿಂತಳು.

"ನಿನ್ನೆ ಎಸೆದ ಹಣ್ಣು ನನ್ನ ತಲೆ ಮೇಲೇ ಬಿತ್ತು ಕಣೇ."

"ಬೀಳಲಿ ಅಂತ್ಲೇ ಎಸ್ದಿದ್ದು."

"ನಾನೇನ್ ಮಾಡಿದೆ ನಿನಗೆ?" ಕೆಂಪಕ್ಕನ ದನಿಯೂ ಏರಿತು. "ಅವತ್ತು ಪಾಲು ಮಾಡುವಾಗ ನನ್ನ ಯಾರಾದ್ರೂ ಕೇಳಿದ್ರಾ? ನಿನ್ನ ಗಿಡ ನನಗೆ ಬೇಕು ಅಂದೆನಾ? ನಾನು ಹೊಸಿಲ ಆಚೆ ನಿಂತಿದ್ದೆ, ನೀನು ಈಚೆ ನಿಂತಿದ್ದೆ. ನೀನಾದ್ರೂ ಮಾತಾಡಿದೆ. ನಾನು ಅದನ್ನೂ ಮಾಡಲಿಲ್ಲ."

"ಯಾಕೆ ಮಾಡಲಿಲ್ಲ? ಅದನ್ನೇ ನಾನು ಕೇಳ್ತಿರೋದು. ಹದಿನೈದು ವರ್ಷ ಒಂದೇ ಒಲೆ ಮುಂದೆ ಕೂತಿದ್ವಲ್ಲಕ್ಕ. ನಾನು ಆ ಗಿಡಕ್ಕೆ ನೀರು ಹೊತ್ತಿದ್ದು ನಿನ್ನ ಕಣ್ಣಿಗೆ ಬಿದ್ದಿರಲಿಲ್ವಾ? 'ಹೌದು, ಅವಳೇ ನೆಟ್ಟಿದ್ದು' ಅನ್ನಕ್ಕೆ ನಿನಗೇನಾಗಿತ್ತು?"

ಕೆಂಪಕ್ಕ ಬಾಗಿಲ ಚೌಕಟ್ಟು ಹಿಡಿದು, "ಹೆದರಿಕೆ ಆಯ್ತು ಕಣೇ" ಎಂದಳು. ಆಮೇಲೆ, "ಮಾವ ಎರಡು ದಿನದಿಂದ ನೀರು ಬಿಟ್ಟು ಬೇರೇನೂ ಮುಟ್ಟಿಲ್ಲ. ನೀನು ಬಂದು ನೋಡು, ಆಮೇಲೆ ಮಾಡ್ತೀಯೋ ಬುಡ್ತೀಯೋ ನಿನಗೆ ಬಿಟ್ಟಿದ್ದು" ಎಂದು ಹೊರಟುಹೋದಳು.

ಪುಟ್ಟಗಂಗಮ್ಮ ನೋಡಲು ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರ ಏಕಾಂತಯ್ಯನ ಮನೆಯ ಕಡೆ ನಡೆದಳು. ಅವರು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಇನ್ನೂ ಇಬ್ಬರು ಮೂವರು ಕೂತಿದ್ದರು. ಹೆಂಗಸು ಒಬ್ಬಳೇ ಬಂದು ಜಗಲಿಯ ಮುಂದೆ ನಿಂತದ್ದು ಕಂಡು ಅವರ ಮಾತು ನಿಂತಿತು.

"ಯಜಮಾನ್ರೇ, ನಮ್ಮ ಮಾವ ನಿಂಬೆಹಣ್ಣಿನ ಗೊಜ್ಜು ಕೇಳ್ತಾವ್ರೆ. ನನ್ನ ಕೈಯಲ್ಲೇ ಆಗಬೇಕಂತೆ. ಆ ಗಿಡ ಯಾರದು ಅಂತ ನೀವು ಇವತ್ತು ಹೇಳಿ, ಹೋಗಿ ಮಾಡ್ತೀನಿ."

"ಏನಮ್ಮಾ ಇದು, ಆಗಿಹೋದ ಮಾತು. ಕಾಗದ ಆಗೈತೆ..."

"ಕಾಗದ ಆದ ಮೇಲೆ ನೀವು ನಮ್ಮನೇಲಿ ಉಂಡ್ರಿ. ಎರಡು ಸಲ ಹಾಕಿಸ್ಕೊಂಡು ಉಂಡ್ರಿ. ಆ ಗೊಜ್ಜು ಯಾವ ಗಿಡದ್ದು ಅಂತ ಗೊತ್ತಿದ್ದೂ ಉಂಡ್ರಿ. ಹೆಂಗಸು ಹಾಕಿದ ನೀರಿಗೆ ಪಾಲಿಲ್ಲ ಅಂದ್ರಿ, ಹೆಂಗಸು ಮಾಡಿದ ಗೊಜ್ಜಿಗೆ ಮಾತ್ರ ಎಲೆ ಒಡ್ಡಿದ್ರಿ. ನಿಮಗೆ ಹೆಂಗೆ ಇಳೀತು ಅದು ಗಂಟಲಲ್ಲಿ?"

ಏಕಾಂತಯ್ಯನ ಕೈಯಲ್ಲಿದ್ದ ನಾರು ಬಿಚ್ಚಿಕೊಂಡಿತು. ಪಕ್ಕದಲ್ಲಿದ್ದವನೊಬ್ಬ, "ಹಿರಿಯರ ಹತ್ರ ಹಿಂಗಾ ಮಾತಾಡೋದು?" ಎಂದ. ಅವಳು ಅವನತ್ತ ತಿರುಗಿಯೂ ನೋಡಲಿಲ್ಲ.

"ಹೋಗಮ್ಮ, ಹೋಗು. ನಿನ್ನ ಗಂಡನ್ನ ಕಳಿಸು, ಅವನ ಹತ್ರ ಮಾತಾಡ್ತೀನಿ" ಎಂದರು ಏಕಾಂತಯ್ಯ.

"ಗಂಡನ ಹತ್ರ ಮಾತಾಡಿಯೇ ಇಲ್ಲಿಗೆ ಬಂದಿರೋದು" ಎಂದು ಹೇಳಿ ಅವಳು ಹಿಂತಿರುಗಿದಳು.

ಮನೆಗೆ ಬಂದವಳು ಒಳಗೆ ಹೋಗಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಒರಗಿಸಿದ್ದ ಹಾರೆ ತೆಗೆದುಕೊಂಡು ಹಿತ್ತಲಿಗೆ ಹೋಗಿ, ಗೋಡೆಯ ಮೇಲಿನ ತೆಂಗಿನ ಗರಿ ಎಳೆದು ಬಿಸಾಕಿ, ಎರಡೂ ಕೈಯಲ್ಲಿ ಹಾರೆ ಎತ್ತಿ ಕುಕ್ಕಿದಳು. ಮಳೆಗೆ ತೋಯ್ದಿದ್ದ ಮಣ್ಣು. ಮೊದಲು ಹಿಡಿಯಷ್ಟು ಬಿತ್ತು, ಆಮೇಲೆ ಮಂಕರಿಯಷ್ಟು ಬಿತ್ತು. ಆಮೇಲೆ ದೊಡ್ಡ ಹೆಂಟೆಯೊಂದು ಆಚೆ ಕಡೆಗೆ ದೊಪ್ಪನೆ ಉರುಳಿತು. ಆ ಸದ್ದಿಗೆ ದೊಡ್ಡಣ್ಣ ಹಿತ್ತಲಿಗೆ ಓಡಿಬಂದ.

"ಏನಮ್ಮಾ! ಯಾರನ್ನ ಕೇಳಿ ಒಡೀತಿದ್ದೀಯ?"

"ಯಾರನ್ನ ಕೇಳಿ ಕಟ್ಟಿದ್ರಿ ಭಾವ?"

ತಮ್ಮನ ಹೆಂಡತಿ. ಅವಳ ಹತ್ತಿರ ಹೋಗಿ ಹಾರೆ ಕಿತ್ತುಕೊಳ್ಳುವಂತಿಲ್ಲ. ಅವನು ತಮ್ಮನ ಹೆಸರು ಹಿಡಿದು ಕೂಗಿದ. ರೇವಣಸಿದ್ದಯ್ಯ ಹೊಲಕ್ಕೆ ಹೋಗಿದ್ದ, ಮನೆಯಲ್ಲಿರಲಿಲ್ಲ. ದೊಡ್ಡಣ್ಣ ಹಿಂದೆಯೇ ಬಂದಿದ್ದ ಹೆಂಡತಿಯ ಕಡೆ ತಿರುಗಿ, "ನೀನಾದ್ರೂ ಹೇಳೇ ಅವಳಿಗೆ!" ಎಂದ.

ಕೆಂಪಕ್ಕ ಮಂಕರಿ ತಂದು, ತನ್ನ ಕಡೆಗೆ ಬಿದ್ದಿದ್ದ ಮಣ್ಣನ್ನು ಕೈಯಲ್ಲಿ ಬಾಚಿ ತುಂಬಿಕೊಂಡು ಹೋಗಿ ತಿಪ್ಪೆಗೆ ಸುರಿದು ಬಂದಳು. ಮತ್ತೆ ತುಂಬಿದಳು. ದೊಡ್ಡಣ್ಣ ಇಬ್ಬರನ್ನೂ ಒಮ್ಮೆ ನೋಡಿ ಒಳಗೆ ಹೋದ. ಒಬ್ಬರು ನುಸುಳುವಷ್ಟು ಜಾಗವಾದಾಗ ಪುಟ್ಟಗಂಗಮ್ಮ ಹಾರೆ ಕೆಳಗೆ ಹಾಕಿ, ಮೂರು ವರ್ಷದ ಮೇಲೆ ಗಿಡದ ಹತ್ತಿರ ಬಂದಳು. ಯಾರೂ ಒಣಗಿದ ಕಡ್ಡಿ ತೆಗೆದಿರಲಿಲ್ಲ, ಪಾತಿ ಮಾಡಿರಲಿಲ್ಲ. ಅವಳಿಗೆ ಇನ್ನೂ ಸಿಟ್ಟು ಬಂತು. ಮುಳ್ಳು ಗೀರಿದ್ದನ್ನೂ ಲೆಕ್ಕಿಸದೆ ಕೊಂಬೆಯೊಳಗೆ ಕೈ ಹಾಕಿ, ಸಿಪ್ಪೆ ತೆಳ್ಳಗಿರುವ, ಹಳದಿ ತಿರುಗಿದ ಹಣ್ಣುಗಳನ್ನೇ ಆರಿಸಿ ಆರಿಸಿ ಕಿತ್ತಳು.

ಅಡುಗೆ ಅವಳ ಒಲೆಯ ಮೇಲೇ ಆಯಿತು. ಕೆಂಪಕ್ಕ ಹಿಂದೆಯೇ ಬಂದು ಅಡುಗೆಮನೆಯ ಗೋಡೆಗೆ ಒರಗಿ ನಿಂತಳು. ಪುಟ್ಟಗಂಗಮ್ಮ ಅವಳನ್ನು ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ನೀರು ಮರಳಿಸಿ, ಪಾತ್ರೆಯನ್ನು ಒಲೆಯಿಂದ ಇಳಿಸಿ, ಇಡೀ ಹಣ್ಣುಗಳನ್ನು ಅದರಲ್ಲಿ ಬಿಟ್ಟು ತಟ್ಟೆ ಮುಚ್ಚಿದಳು. ಅದು ಆರುವಷ್ಟರಲ್ಲಿ ಕಬ್ಬಿಣದ ಬಾಣಲೆಯಲ್ಲಿ ಕಡ್ಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ ಹುರಿದಳು. ಎಳ್ಳನ್ನು ಬೇರೆಯಾಗಿ ಹುರಿದಳು. ಮೆಂತ್ಯವನ್ನು ಮಾತ್ರ ಕೊನೆಗೆ, ಚಿಟಿಕೆಯಷ್ಟು. ಕರಟದ ಉರಿ ಜೋರಾಗುತ್ತದೆಂದು ಅದನ್ನು ಹೊರಗೆ ಎಳೆದು ತೆಂಗಿನ ಮಟ್ಟೆ ಒಡ್ಡಿದಳು.

"ಮೆಂತ್ಯ ಎಷ್ಟು?" ಎಂದು ಕೆಂಪಕ್ಕ ಕೇಳಿದಳು.

"ಕಣ್ಣಿಲ್ವಾ? ನೋಡ್ಕೊ. ಕೆಂಪಗಾಗಬೇಕು, ಕಪ್ಪಾಗಬಾರದು. ನೀನು ಸುಟ್ಟು ಹಾಕಿರ್ತೀಯ, ಅದಕ್ಕೇ ಕಹಿ."

ಹಣ್ಣು ಬಿಟ್ಟಿದ್ದ ನೀರನ್ನು ಚೆಲ್ಲಿದಳು. "ಅರ್ಧ ಕಹಿ ಈ ನೀರಲ್ಲೇ ಹೋಗುತ್ತೆ. ನೀನು ಹಸಿ ಹಣ್ಣು ಹೆಚ್ಚಿ ಹುಣಸೆ ನೀರಿಗೆ ಹಾಕಿ ಕುದಿಸಿರ್ತೀಯ." ಕೆಂಪಕ್ಕ ಹೌದೆಂದು ತಲೆ ಆಡಿಸಿದಳು. ಪುಟ್ಟಗಂಗಮ್ಮ ಈಳಿಗೆಮಣೆಯ ಮುಂದೆ ಕೂತು ಹಣ್ಣು ಸೀಳಿದಳು. ಒಂದು ಬೀಜವನ್ನೂ ಬಿಡದೆ ಉಗುರಿನ ತುದಿಯಿಂದ ತೆಗೆದಳು. ಮೂರು ಹಣ್ಣಿನ ರಸ ಬೇರೆ ಹಿಂಡಿಟ್ಟಳು. ಒರಳುಕಲ್ಲಿನಲ್ಲಿ ಹುರಿದದ್ದನ್ನೂ ಕೊಬ್ಬರಿ ತುರಿಯನ್ನೂ ಹಾಕಿ ರುಬ್ಬಿದಳು. ಗುಂಡು ತಿರುಗಿಸುತ್ತಿದ್ದ ಕೈ ಎಷ್ಟು ಬಿರುಸಾಗಿತ್ತೆಂದರೆ ಮಸಾಲೆ ಎರಡು ಸಲ ನೆಲಕ್ಕೆ ಚಿಮ್ಮಿತು. ರುಬ್ಬುತ್ತಾ ರುಬ್ಬುತ್ತಾ ಏಕಾಂತಯ್ಯನನ್ನು ಬೈದಳು, ಗಂಡನನ್ನು ಬೈದಳು, ಕೊಂಬೆ ಕಡಿದ ಭಾವನನ್ನು ಬೈದಳು. ಕೆಂಪಕ್ಕ ಒಂದಕ್ಕೂ ಇಲ್ಲವೆನ್ನಲಿಲ್ಲ.

ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ ಹಣ್ಣಿನ ಹೋಳು ಹಾಕಿ, ಅರಿಸಿನ ಉಪ್ಪು ಬೆರೆಸಿ ಮುಚ್ಚಿಟ್ಟಳು. ಸಿಪ್ಪೆ ಬೆರಳಲ್ಲಿ ಹಿಸುಕಿದರೆ ಮೆತ್ತಗಾಗುವಷ್ಟು ಬೆಂದ ಮೇಲೆ ರುಬ್ಬಿದ್ದು, ಬೆಲ್ಲ. ಎಣ್ಣೆ ಅಂಚಿಗೆ ಬಿಟ್ಟುಕೊಂಡಾಗ ಇಳಿಸಿ, ಹಿಂಡಿಟ್ಟಿದ್ದ ರಸವನ್ನು ಕೊನೆಗೆ ಹುಯ್ದಳು. ವಾಸನೆ ಒಡೆದ ಗೋಡೆ ದಾಟಿ ಆಚೆ ಹೋಯಿತು.

ಬಿಸಿ ಅನ್ನ, ಗೊಜ್ಜು ಹಿಡಿದು ಅವಳು ಒಡೆದ ಜಾಗದಿಂದಲೇ ನುಸುಳಿ ಆಚೆ ಮನೆಗೆ ಹೋದಳು. ವೀರಭದ್ರಯ್ಯನವರು ಗೋಡೆಗೆ ದಿಂಬು ಇಟ್ಟು ಕೂತಿದ್ದರು. ಅವರ ಹಣೆಯ ವಿಭೂತಿಯ ಕೆಳಗೆ ಕಣ್ಣು ಗುಳಿಯೊಳಗೆ ಹೋಗಿದ್ದವು. ಅವಳು ತಟ್ಟೆ ಮುಂದಿಟ್ಟು ಅನ್ನ ಕಲಸಿಕೊಟ್ಟಳು.

ಅವರು ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ಇನ್ನೊಂದು ತುತ್ತು ತೆಗೆದುಕೊಂಡರು. ಐದಾರು ತುತ್ತು ಉಂಡ ಮೇಲೆ, "ಗಿಡ ನಿಂದೇ ಕಣಮ್ಮ" ಎಂದರು.

ಅವಳಿಗೆ ಅದನ್ನು ಕೇಳಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

"ಈಗ ಹೇಳಿದ್ರೆ ಯಾರಿಗೆ ಕೇಳುತ್ತೆ ಮಾವ? ಈ ಕೋಣೇಲಿ ನೀವು, ನಾನು, ಅಕ್ಕ ಅಷ್ಟೇ. ಅವತ್ತು ಅಷ್ಟು ಜನ ಇದ್ರಲ್ಲ, ಅವತ್ತು ಯಾಕೆ ಹೇಳಲಿಲ್ಲ?"

"ಅವತ್ತು ಬಾಯಿ ಬರಲಿಲ್ಲ ತಾಯಿ."

"ಉಣ್ಣಕ್ಕೆ ಬಂತಲ್ಲ."

ಮುದುಕರ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಕೆಂಪಕ್ಕ "ಏ ಗಂಗಾ, ಬುಡೇ" ಎಂದಳು. ಪುಟ್ಟಗಂಗಮ್ಮ ಬಿಡಲಿಲ್ಲ, ಎದ್ದೂ ಹೋಗಲಿಲ್ಲ. ತಟ್ಟೆಯನ್ನು ಅವರತ್ತ ಸರಿಸಿ, ಅದೇ ಗಡುಸು ದನಿಯಲ್ಲಿ, "ಉಣ್ಣಿ. ಆರಿದ್ರೆ ಚೆನ್ನಾಗಿರಲ್ಲ" ಎಂದಳು. ಅವರು ಉಂಡರು. ತಟ್ಟೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ.

ಹದಿನೈದು ದಿನದಲ್ಲಿ ವೀರಭದ್ರಯ್ಯನವರು ಕೋಲು ಹಿಡಿದು ಓಡಾಡುವಂತಾದರು. ಮೊದಲು ಹೋದದ್ದು ಏಕಾಂತಯ್ಯನ ಮನೆಗೆ. ಅವರನ್ನು ಕರೆತಂದು, ಇಬ್ಬರು ಮಕ್ಕಳನ್ನೂ ಕೂರಿಸಿ, "ನಿಂಬೆಗಿಡ ಪುಟ್ಟಗಂಗಿದು. ನಾನೇ ಜಾಗ ತೋರಿಸಿ ನೆಡಿಸಿದ್ದು. ಅವತ್ತು ಹೇಳಬೇಕಿತ್ತು, ಹೇಳಲಿಲ್ಲ. ಕಾಗದದಲ್ಲಿ ಸೇರಿಸಿ" ಎಂದರು. ಪುಟ್ಟಗಂಗಮ್ಮ ಬಾಗಿಲ ಹಿಂದೆ ನಿಲ್ಲದೆ ನಡುಮನೆಗೇ ಬಂದು ನಿಂತಿದ್ದಳು. ಏಕಾಂತಯ್ಯ ನೆಲ ನೋಡುತ್ತ, ಒಂದು ಗಿಡಕ್ಕೆ ಕಾಗದ ತಿದ್ದುವುದು ಯಾಕೆ, ಮಾತಲ್ಲಿ ಇದ್ದರೆ ಸಾಕು ಎಂದರು. ದೊಡ್ಡಣ್ಣ, "ಹಣ್ಣು ಕಿತ್ಕೊಳ್ಳಲಿ ಬುಡಿ, ನಾನೇನು ಬೇಡ ಅಂತೀನಾ" ಎಂದ. ಒಡೆದ ಗೋಡೆಯನ್ನು ಅವನು ಮತ್ತೆ ಕಟ್ಟಿಸಲಿಲ್ಲ. ಕಾಗದದಲ್ಲಿ ಗಿಡದ ಹೆಸರೂ ಸೇರಲಿಲ್ಲ. ಅದೊಂದು ಅವಳಿಗೆ ಕಡೆಯವರೆಗೂ ನುಂಗಲಾಗಲಿಲ್ಲ. ಯಾರಾದರೂ "ಈಗ ಎಲ್ಲ ಸರಿಹೋಯ್ತಲ್ಲ" ಎಂದರೆ, "ಎಲ್ಲಿ ಸರಿಹೋಯ್ತು? ಬರೆದವ್ರಾ?" ಎಂದು ಕೇಳುತ್ತಿದ್ದಳು.

ಕೆಂಪಕ್ಕ ಗೊಜ್ಜು ಮಾಡುವುದನ್ನು ಕಲಿತಳು. ಕಲಿಯಲು ಒಂದು ವರ್ಷ ಹಿಡಿಯಿತು, ಅಷ್ಟೂ ದಿನ ಬೈಸಿಕೊಂಡಳು. ಕೆಲವು ಸಲ ತಿರುಗಿಸಿ ಬೈದಳು. ಇಬ್ಬರ ಗಲಾಟೆ ರಸ್ತೆಗೆ ಕೇಳುತ್ತಿತ್ತು, ಹೊಸಬರು ಜಗಳವೆಂದೇ ತಿಳಿಯುತ್ತಿದ್ದರು.

ರೇವಣಸಿದ್ದಯ್ಯ ಹೆಂಡತಿಗೆ ತಪ್ಪಾಯಿತು ಎಂದು ಹೇಳಲಿಲ್ಲ. ಗೋಡೆ ಒಡೆದ ದಿನ ಹೊಲದಿಂದ ಬಂದವನು, "ಯಾರು ಒಡೆದಿದ್ದು?" ಎಂದು ಕೇಳಿದ್ದ. "ನಾನು" ಎಂದು ಅವಳು ಹೇಳಿದ್ದಳು. ಅಲ್ಲಿಂದ ಮುಂದೆ ತಿಂಗಳು ಕಾಲ ಇಬ್ಬರಿಗೂ ಮಾತಿರಲಿಲ್ಲ. ಉಣ್ಣಲು ಬಾ ಎನ್ನುವುದಕ್ಕೂ ಅವಳು ತಟ್ಟೆಯನ್ನು ಸದ್ದು ಮಾಡಿ ಇಡುತ್ತಿದ್ದಳು.

ಬೇಸಿಗೆಯ ಕೊನೆಗೆ ಒಂದು ದಿನ ಅವನು ಗಾಡಿಯಲ್ಲಿ ಚಪ್ಪಡಿ ಕಲ್ಲು ಹೇರಿಕೊಂಡು ಬಂದ. ನಾಲ್ಕು ಆಳು ಹಿಡಿದು ಇಳಿಸುವಂಥ ಕಲ್ಲು. ಒಡೆದ ಗೋಡೆಯ ಬಾಯಿಗೆ ಅದನ್ನು ಹೊಸ್ತಿಲಿನಂತೆ ಅಡ್ಡ ಮಲಗಿಸಿ, ಎರಡೂ ಕಡೆಯ ಮಣ್ಣನ್ನು ತಾನೇ ಕೆತ್ತಿ ಮಟ್ಟ ಮಾಡಿ, ಗಾರೆ ಬಳಿದ. ಸಂಜೆಯವರೆಗೂ ಅದೇ ಕೆಲಸ. ಅವಳು ಒಳಗಿನಿಂದ ನೋಡುತ್ತಿದ್ದಳು.

"ಮಳೆ ಬಂದ್ರೆ ಮಣ್ಣು ಕುಸಿದು ದಾರಿ ಮುಚ್ಚೋಗುತ್ತೆ. ಅದಕ್ಕೆ" ಎಂದ ಅವನು, ಕೈ ತೊಳೆಯುತ್ತ.

"ಈಗ ಕಾಣಿಸ್ತಾ ನಿಮಗೆ ಆ ದಾರಿ?" ಎಂದಳು ಅವಳು.

ಅವಳು ಗಿಡಕ್ಕೆ ನೀರಿನ ಕೊಡ ಎತ್ತಿಕೊಂಡು 'ದಾರಿ ಬಿಡಿ' ಎಂದು ಅವನನ್ನು ಸರಿಸಿ, ಗಾರೆ ಹಸಿಯಾಗಿದೆ ಎಂದು ಅವನು ಕೂಗುತ್ತಿದ್ದರೂ ಕೇಳದೆ, ಕಲ್ಲಿನ ಮೇಲೆ ಕಾಲಿಟ್ಟು ಆಚೆಗೆ ಹೋದಳು.